ಶೈಲಾ ಒಡೆಯದ ಹತ್ತರಿ

ಕಳೆದ ಆಯುಧಪೂಜೆಯ ಬೆಳಿಗ್ಗೆ ಹರಿಹರಕ್ಕೆ ಹೊರಟವನು ಪಿ.ಜೆ. ಬಡಾವಣೆಯ ನನ್ನ ಮನೆಯೆದುರು ಆಟೊ ಹಿಡಿದೆ. ಮುಖ್ಯರಸ್ತೆಯ ತುಂಬ ತೊಳೆದು ಹೂವು ಏರಿಸಿದ ಲಾರಿಗಳು ನಿಂತಿದ್ದರಿಂದ ಆಟೊದವನು ಮಂಡಕ್ಕಿ ಭಟ್ಟಿಗಳ ಹಿಂದಿನ ದಾರಿಗೆ ತಿರುಗಿಸಿದ. ಪೂಜೆಗೆ ಊರಿಗೆಲ್ಲ ಮಂಡಕ್ಕಿ ಹಂಚಬೇಕಲ್ಲ, ಒಂದು ಭಟ್ಟಿಯೂ ತಣ್ಣಗಿರಲಿಲ್ಲ. ಭತ್ತದ ಹೊಟ್ಟು ಉರಿಯುವ ಆ ಒಗರು ಹೊಗೆ ಮೂಗಿಗೆ ತಾಗಿದ ಕೂಡಲೇ ನನ್ನ ಬಲಗೈ ಅಂಗಿಯ ಜೇಬಿಗೆ ಹೋಯಿತು. ಜೇಬಿನಲ್ಲಿ ಒಂದು ನಶ್ಯದ ಡಬ್ಬಿ ಇತ್ತು. ನಾನು ನಶ್ಯ ಏರಿಸುವವನಲ್ಲ. ಆ ಡಬ್ಬಿಯೊಳಗೆ ಏನಿತ್ತು, ಅದನ್ನು ಮೂರು ವರ್ಷ ಏಕೆ ಜೋಪಾನ ಮಾಡಿದೆ, ಅಂದು ಏಕೆ ಹರಿಹರಕ್ಕೆ ಒಯ್ಯುತ್ತಿದ್ದೆ ಎಂಬುದನ್ನು ಹೇಳಬೇಕಾದರೆ ಮೂರು ವರ್ಷದ ಹಿಂದಿನ ಶ್ರಾವಣಕ್ಕೆ ಹೋಗಬೇಕು.

ಆ ವರ್ಷ ನಮ್ಮ ಕಡೆ ಮಳೆ ಸುರಿಯಲಿಲ್ಲ, ಜಿನುಗಿತು. ಹೊಲಕ್ಕೆ ಸಾಲದು, ಒಣಹಾಕಿದ ಬಟ್ಟೆಗೆ ಹೆಚ್ಚು ಎನ್ನುವಂಥ ಮಳೆ. ಮೇಲೆಲ್ಲೋ ಬಿದ್ದ ನೀರಿಗೆ ಹರಿಹರದ ಹೊಳೆ ಮಾತ್ರ ಕೆಮ್ಮಣ್ಣಿನ ಬಣ್ಣ ತಳೆದು ದಡ ಮುಟ್ಟಿ ಹರಿಯುತ್ತಿತ್ತು. ಮರದ ಕೆಲಸಕ್ಕೆ ಇದು ಕೆಟ್ಟ ಹವೆ. ಬೆಳಿಗ್ಗೆ ಅಳತೆಗೆ ಸರಿಹೋದ ಹಲಗೆ ಸಂಜೆಗೆ ಉಬ್ಬಿರುತ್ತದೆ.

ಹರಿಹರದಲ್ಲಿ ಈಗ ಮುಚ್ಚಿಹೋಗಿರುವ ಕಾರ್ಖಾನೆಯೊಂದರ ಪ್ಯಾಟರ್ನ್ ವಿಭಾಗದಲ್ಲಿ ನಾನು ಫೋರ್‌ಮನ್ ಆಗಿದ್ದೆ. ಎರಕ ಹೊಯ್ಯುವ ಮೊದಲು ಆ ವಸ್ತುವಿನ ರೂಪವನ್ನು ಮರದಲ್ಲಿ ತಯಾರಿಸಬೇಕು. ಆ ಮರದ ರೂಪವೇ ಪ್ಯಾಟರ್ನ್. ಮರದಲ್ಲಿ ಆದ ತಪ್ಪು ಕಬ್ಬಿಣದಲ್ಲಿ ಹಾಗೆಯೇ ಮೂಡುತ್ತದೆ, ಆಮೇಲೆ ಅದನ್ನು ಅಳಿಸಲು ಬರುವುದಿಲ್ಲ. ಆದ್ದರಿಂದ ನಮ್ಮ ವಿಭಾಗದಲ್ಲಿ ಒಂದು ನಿಯಮವಿತ್ತು. ಮರ ಸೀಳಿದರೆ ಲಪ್ಪ ತುಂಬಬಹುದು, ಆದರೆ ತುಂಬಿದ ಜಾಗ ತಪಾಸಣೆ ಮಾಡುವವನ ಕಣ್ಣಿಗೆ ಕಾಣಬೇಕು. ಲಪ್ಪವೆಂದರೆ ಬಿರುಕು ಮುಚ್ಚಲು ಮೆತ್ತುವ, ಒಣಗಿದ ಮೇಲೆ ಗಟ್ಟಿಯಾಗುವ ಅಂಟುಮಣ್ಣಿನಂಥ ವಸ್ತು. ಅದರ ಸಹಜ ಬಣ್ಣ ಬಿಳಿ.

ನನ್ನ ಕೈಕೆಳಗೆ ಕೆಲಸ ಕಲಿತವರಲ್ಲಿ ಈ ನಿಯಮಕ್ಕೆ ಕೊನೆಯವರೆಗೂ ಬಗ್ಗದವನು ಚಂದ್ರಪ್ಪ. ಕೈ ಒಳ್ಳೆಯದು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ತನ್ನ ತೇಪೆ ಯಾರಿಗೂ ಕಾಣಬಾರದೆಂದು ಅವನು ಲಪ್ಪಕ್ಕೆ ಚಿಟಿಕೆ ಕಾವಿ ಬೆರೆಸುತ್ತಿದ್ದ. ಪ್ಯಾಟರ್ನಿಗೆ ಬಳಿಯುವ ಕೆಂಪು ಬಣ್ಣದಡಿ ಕಾವಿಯ ಲಪ್ಪ ಮಾಯವಾಗುತ್ತಿತ್ತು. ನಾನು ಎಷ್ಟು ಸಲ ಬೈದರೂ "ಕೆಲ್ಸ ಚಂದ ಕಾಣ್ಲಿ ಬಿಡ್ರಿ ಫೋರ್ಮನ್ರೇ" ಎಂದು ನಗುತ್ತಿದ್ದ. ಇಡೀ ವಿಭಾಗದಲ್ಲಿ ಕೆಂಪು ಲಪ್ಪ ತುಂಬುತ್ತಿದ್ದವನು ಅವನೊಬ್ಬನೇ.

ಕಾರ್ಖಾನೆ ಮುಚ್ಚಿದ ಮೇಲೆ ಚಂದ್ರಪ್ಪ ಹರಿಹರದಲ್ಲೇ ಪ್ಯಾಟರ್ನ್ ಮಾಡುವ ಸ್ವಂತ ಶೆಡ್ ತೆರೆದ. ಅದರ ಪೂಜೆಗೆ ಹೋದಾಗ ನನ್ನನ್ನು ಬಣ್ಣದ ಅಂಗಡಿಯವನ ಹಿಂದಿನ ಸಾಲಿನಲ್ಲಿ ಕೂರಿಸಿದ. ಶಾಲು ಹೊದಿಸಿದ್ದೂ ಆ ಬಣ್ಣದ ಅಂಗಡಿಯವನಿಗೇ. ಆದರೂ ನಾನು ಬರಿಗೈಯಲ್ಲಿ ಹೋಗಿರಲಿಲ್ಲ. ಹಳೆಯ ಉಪಕರಣಗಳ ಹರಾಜಿನಲ್ಲಿ ಕೊಂಡಿದ್ದ ನನ್ನ ಬೀಡಿನ ಹತ್ತರಿಯನ್ನು ಅವನ ಕೈಗೆ ಕೊಟ್ಟೆ. ಹತ್ತರಿ ಮರವನ್ನು ಕೀಸಿ ನಯಮಾಡುವ ಸಾಧನ. ಹಳ್ಳಿಯ ಬಡಗಿಗಳು ಮರದ್ದನ್ನು ಬಳಸುತ್ತಾರೆ, ಇದರ ಮೈ ಪೂರ್ತಿ ಬೀಡಿನದು, ಅಂದರೆ ಎರಕದ ಕಬ್ಬಿಣದ್ದು. ಕೊಡುವಾಗ ಅದರ ತಳಕ್ಕೆ ಉಕ್ಕಿನ ಪಟ್ಟಿ ಹಿಡಿದು, ಕಿಟಕಿಯ ಬೆಳಕಿಗೆ ಎತ್ತಿ, ಪಟ್ಟಿಯ ಅಡಿಯಿಂದ ಬೆಳಕು ನುಸುಳುವುದಿಲ್ಲವೆಂದು ಅವನಿಗೆ ತೋರಿಸಿದೆ. ಕೆನ್ನೆಗಳನ್ನು, ಅಂದರೆ ಎರಡೂ ಪಕ್ಕದ ಗೋಡೆಗಳನ್ನು, ಬೆರಳಿನಿಂದ ತಟ್ಟಿ ನಾದ ಕೇಳಿಸಿದೆ. ಬಿರುಕಿರುವ ಬೀಡು ಗಂಟೆಯಂತೆ ನುಡಿಯುವುದಿಲ್ಲ. ಅದು ನುಡಿಯಿತು. ಇದನ್ನೆಲ್ಲ ಇಷ್ಟು ವಿವರವಾಗಿ ಹೇಳುವುದಕ್ಕೆ ಕಾರಣವಿದೆ.

ನನ್ನ ಮಗಳು ಶೈಲಾ ಬೆಳೆದದ್ದೇ ನನ್ನ ಹಿತ್ತಿಲ ಬೆಂಚಿನ ಮರದ ಚಕ್ಕೆಗಳ ನಡುವೆ. ಕೆಲಸ ಕಲಿತಳು, ಡಿಪ್ಲೊಮಾ ಮಾಡಿದಳು, ಮದುವೆಯಾಗಿ ಹರಿಹರ ಸೇರಿದಳು. ಮಕ್ಕಳು ಶಾಲೆಗೆ ಹೋಗುವಂತಾದ ಮೇಲೆ ಬೆಂಚಿನ ಮುಂದೆ ನಿಂತು ಮರ ಕೆತ್ತುವ ಕೆಲಸ ಹುಡುಕಿದಳು. ಕೇಳಿದ ಶೆಡ್ಡುಗಳಲ್ಲೆಲ್ಲ ಕಂಪ್ಯೂಟರ್ ಮುಂದೆ ಕೂರುವುದಾದರೆ ಬಾ ಎಂದರು. ಉಳಿ, ಹತ್ತರಿ ಹಿಡಿಯುತ್ತೇನೆಂದಾಗ ಗಂಡನನ್ನು ಕರೆದುಕೊಂಡು ಬಾ ಎಂದವನೂ ಒಬ್ಬನಿದ್ದ. ಕೊನೆಗೆ ಚಂದ್ರಪ್ಪ, ಶ್ರಾವಣ ಮುಗಿಯುವವರೆಗೆ ಕೆಲಸ ನೋಡಿ ಹೇಳುತ್ತೇನೆ ಎಂದು ಒಪ್ಪಿದ. ಅವಳ ಚಿಕ್ಕಂದಿನಲ್ಲಿ ಅವನು ನಮ್ಮ ಮನೆಗೆ ಊಟಕ್ಕೆ ಬಂದಾಗಲೆಲ್ಲ ಅವಳು ಅವನನ್ನು ಮಾವ ಎನ್ನುತ್ತಿದ್ದಳು. ಶೆಡ್ಡಿನಲ್ಲೂ ಹಾಗೆಯೇ ಕರೆದಳು. ಆ ಒಂದು ಬೆಂಚು ಅವಳಿಗೆ ಎಷ್ಟು ಬೇಕಾಗಿತ್ತೆಂಬುದು ಅವಳ ಬೆರಳುಗಳಿಂದಲೇ ತಿಳಿಯುತ್ತಿತ್ತು. ಭಾನುವಾರ ಮನೆಗೆ ಬಂದಾಗ ಸುಮ್ಮನೆ ಕೂತಿದ್ದರೂ ಅವು ಊಟದ ಮೇಜಿನ ಅಂಚನ್ನು ಸವರಿ ಸಪಾಟು ನೋಡುತ್ತಿದ್ದವು.

ಹೀಗಿರುವಾಗ ಒಂದು ಸಂಜೆ ಶೈಲಾ ಜಿನುಗು ಮಳೆಯಲ್ಲಿ ನೆನೆದು ಬಂದಳು. ಕೈಚೀಲದಿಂದ ಹಳೆ ಪಂಚೆಯಲ್ಲಿ ಸುತ್ತಿದ್ದ ಅದೇ ಬೀಡಿನ ಹತ್ತರಿಯನ್ನು ತೆಗೆದು ನನ್ನ ಮುಂದಿಟ್ಟಳು. ಅಲಗು ಹೊರಬರುವ ಬಾಯಿಯ ಮೂಲೆಯಿಂದ ಎಡಗೆನ್ನೆಯ ಮೇಲಕ್ಕೆ ಬಿರುಕು ಹತ್ತಿತ್ತು.

"ಕೆಡವಿದೆಯಾ?" ಎಂದೆ.

"ಇಲ್ಲ ಅಪ್ಪಾಜಿ. ಸಾಗುವಾನಿ ಹಲಗೆ ಮೇಲೆ ನೂಕ್ತಾ ಇದ್ದೆ. ಟಿಕ್ ಅಂತು. ನೋಡಿದ್ರೆ ಹಿಂಗಾಗೈತೆ."

"ಅವನು ಏನೆಂದ?"

ಒತ್ತಾಯಿಸಿದ ಮೇಲೆ ಹೇಳಿದಳು. ಶೆಡ್ಡಿನಲ್ಲಿ ಆಗ ಎರಕದ ಕಾರ್ಖಾನೆಯವರು ಪಂಪಿನ ಪ್ಯಾಟರ್ನ್ ನೋಡಲು ಬಂದಿದ್ದರಂತೆ. ಅವರ ಎದುರಿಗೆ ಚಂದ್ರಪ್ಪ ಹತ್ತರಿಯನ್ನು ಎತ್ತಿ ಹಿಡಿದು, "ಹೆಣ್ಮಕ್ಳ ಕೈಗೆ ಕಬ್ಬಿಣ ಕೊಟ್ರೆ ಹಿಂಗೇ ನೋಡ್ರಿ ಆಗಾದು" ಎಂದನಂತೆ. ಆಮೇಲೆ ಅವಳ ಕಡೆ ತಿರುಗಿ, "ಇದು ಮೊದ್ಲಿನಂಗೆ ಆಗಿ ಬಂತು ಅಂದ್ರೆ ನೀನೂ ಬಾರಮ್ಮ. ಇಲ್ಲಾಂದ್ರೆ ಮನೇಲಿ ಶಾವಿಗೆ ಹೊಸ್ಕಂತ ಕೂಡು" ಎಂದನಂತೆ. ಬಂದವರು ನಕ್ಕರಂತೆ. ನಾನು ಕೊಟ್ಟ ಹತ್ತರಿಯಿಂದ ನನ್ನ ಮಗಳನ್ನು ಹೊಡೆದ ಹಾಗಾಯಿತು ಅದು.

ಮರುದಿನ ಬೆಳಿಗ್ಗೆ ಹಿತ್ತಿಲ ಬೆಂಚಿನಲ್ಲಿ ಇಬ್ಬರೂ ಕೂತೆವು. ಅಲಗು, ಹಿಡಿ ಎಲ್ಲವನ್ನೂ ಬಿಚ್ಚಿದೆವು. ಬಿರುಕು ಎಲ್ಲಿಯವರೆಗೆ ಹೋಗಿದೆಯೆಂದು ಬೀಡಿನಲ್ಲಿ ಕಣ್ಣಿಗೆ ಕಾಣುವುದಿಲ್ಲ. ಅದಕ್ಕೆ ಡೀಸೆಲ್ ಸವರಿ, ಒರೆಸಿ, ಮೇಲೆ ಚಾಕ್‌ಪೀಸಿನ ಪುಡಿ ಉದುರಿಸಬೇಕು. ಬಿರುಕು ಕುಡಿದ ಎಣ್ಣೆ ಮೆಲ್ಲಗೆ ಹೊರಬಂದು ಬಿಳಿಯ ಮೇಲೆ ಗೆರೆ ಬರೆಯುತ್ತದೆ. ಗೆರೆ ಮುಗಿಯುವಲ್ಲಿ ಸಣ್ಣ ತೂತು ಕೊರೆದರೆ ಬಿರುಕು ಅದರಾಚೆ ಓಡುವುದಿಲ್ಲ.

ಆದರೆ ಚಾಕ್ ಪುಡಿಯ ಮೇಲೆ ಗೆರೆ ಪೂರ್ತಿ ಮೂಡಲಿಲ್ಲ. ಬಾಯಿಯ ಮೂಲೆಯಲ್ಲಿ ಮೂಡಿತು, ಕೆನ್ನೆಯ ಮೇಲೆ ಕಾಣೆಯಾಯಿತು, ತುದಿಯಲ್ಲಿ ಮತ್ತೆ ಮೂಡಿತು. ನಡುವಿನ ಭಾಗ ಎಣ್ಣೆಯನ್ನು ಕುಡಿದಿರಲೇ ಇಲ್ಲ. ಕನ್ನಡಕ ಏರಿಸಿ ನೋಡಿದೆ. ಅಲ್ಲಿ ಕಪ್ಪು ಬಣ್ಣ ಉಳಿದ ಕಡೆಗಿಂತ ದಪ್ಪವಾಗಿತ್ತು. ಚಾಕುವಿನ ಮೊನೆಯಿಂದ ಕೆರೆದೆ. ಕಪ್ಪು ಚಕ್ಕೆ ಹಾರಿತು. ಅದರಡಿಯಲ್ಲಿ, ಬಿರುಕಿನ ಬಾಯಿಗೆ ಒತ್ತಿ ತುಂಬಿದ ಗಟ್ಟಿ ಲಪ್ಪ. ಅದರ ಬಣ್ಣ ಕೆಂಪು.

ಯಾವಾಗಲೋ ಚಂದ್ರಪ್ಪನ ಕೈಯಿಂದ ಹತ್ತರಿ ಬಿದ್ದಿದೆ. ಕೆನ್ನೆ ಸೀಳಿದೆ. ಬೆಸೆಯಬೇಕಾದ ಕಬ್ಬಿಣಕ್ಕೆ ಮರಕ್ಕೆ ಮಾಡುವ ಹಾಗೆ ಲಪ್ಪ ಮೆತ್ತಿದ್ದಾನೆ. ಲೋಕದಲ್ಲಿ ಪ್ಯಾಟರ್ನ್ ಕೆಲಸದವನೊಬ್ಬನೇ ಮಾಡಬಲ್ಲ ಮೂರ್ಖತನ ಅದು. ಮೇಲೆ ಕಪ್ಪು ಬಳಿದಿದ್ದಾನೆ. ಒಳಗೊಳಗೇ ಬೆಳೆದ ಬಿರುಕು ಕೊನೆಗೆ ನನ್ನ ಮಗಳ ಕೈಯಲ್ಲಿ ಬಾಯಿ ಬಿಟ್ಟಿದೆ. ಹೊರಗಿನವರ ಎದುರು ಅದನ್ನು ಎತ್ತಿ ತೋರಿಸಿದಾಗ ಅವನಿಗೆ ಇದೆಲ್ಲ ಗೊತ್ತಿತ್ತು.

"ಏಳು," ಎಂದೆ. "ಹೀಗೇ ಒಯ್ಯೋಣ. ಆ ಎರಕದವರನ್ನೂ ಕರೆಸಲಿ. ಅವರೆದುರಿಗೇ ಕೆರೆದು ತೋರಿಸುತ್ತೇನೆ."

ಶೈಲಾ ಮೊಬೈಲಿನಲ್ಲಿ ಒಂದು ಫೋಟೊ ತೆಗೆದಳು. ನೋಡಿದರೆ ಕಪ್ಪು ಕಬ್ಬಿಣದ ಮೇಲೆ ಒಂದು ಕಪ್ಪು ಗೆರೆ, ಅಷ್ಟೇ. ಕೆಂಪು ಕಾಣಲಿಲ್ಲ. ಅವಳು ಮೊಬೈಲನ್ನು ಒಳಗಿಟ್ಟು, "ಮೊದ್ಲು ಅನ್ವರ್ ಚಾಚಾನ ಹತ್ರ ಹೋಗಾಣ ನಡೀರಿ" ಎಂದಳು.

ಅನ್ವರ್ ಸಾಬರು ನನಗಿಂತ ಸ್ವಲ್ಪ ಚಿಕ್ಕವರು. ಮಂಡಕ್ಕಿ ಭಟ್ಟಿಗಳ ಮಗ್ಗುಲಲ್ಲಿ ಗ್ಯಾಸ್ ವೆಲ್ಡಿಂಗ್ ಅಂಗಡಿ. ಹತ್ತರಿಯನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಫೋರ್ಮನ್ ಸಾಹೇಬ್ರೇ, ಕಬ್ಬಿಣಕ್ಕೆ ಮೆಹಂದಿ ಹಚ್ಚಿದ್ದು ಯಾರ್ರೀ?"

"ಅದನ್ನು ಮುಟ್ಟಬೇಡಿ," ಎಂದೆ. "ಅದು ಸಾಕ್ಷಿ. ಅದನ್ನು ಬಿಟ್ಟು ಬೆಸೆಯಲು ಆಗುತ್ತದೆಯೇ?"

ಅವರು ನಕ್ಕರು. "ನೀವೇ ಹಿಂಗಂದ್ರೆ ಹೆಂಗ್ರೀ? ಒಂದು ಚೂರು ಕೊಳೆ ಉಳಿದ್ರೂ ಹಿತ್ತಾಳೆ ಹಿಡಿಯಾಂಗಿಲ್ಲ. ಬಿರುಕು ಪೂರಾ ತೋಡಿ, ಒಳಗೆ ಬೆಳ್ಳಗೆ ಲೋಹ ಕಂಡ ಮ್ಯಾಲೇ ಗ್ಯಾಸ್ ಹಚ್ಚಾದು. ಸಾಕ್ಷಿ ಬೇಕೋ, ಹತ್ತರಿ ಬೇಕೋ, ಒಂದು ಹೇಳ್ರಿ."

ಅವರು ಹೇಳಿದ್ದು ನನಗೆ ಗೊತ್ತಿಲ್ಲದ್ದೇನಲ್ಲ. ಕೇಳಲು ಮನಸ್ಸಿರಲಿಲ್ಲ. ಹತ್ತರಿಯನ್ನು ಪಂಚೆಯಲ್ಲಿ ಸುತ್ತತೊಡಗಿದೆ. ಶೈಲಾ ನನ್ನ ಮಣಿಕಟ್ಟು ಹಿಡಿದಳು. ಅವಳು ಹಾಗೆ ಹಿಡಿದದ್ದು ಅದೇ ಮೊದಲು.

"ಎಲ್ಲಿಗೆ ಅಪ್ಪಾಜಿ?"

"ಹರಿಹರಕ್ಕೆ. ನೀನು ಒಡೆದಿಲ್ಲವೆಂದು ಅವನ ಬಾಯಿಂದಲೇ ಹೇಳಿಸುತ್ತೇನೆ."

"ಹೇಳ್ತಾರಾ? ನಿಮ್ಮಪ್ಪನೇ ತುಂಬಿ ತಂದಾನೆ ಅಂತಾರೆ. ಇಲ್ಲ, ತಪ್ಪಾತು ಅಂತನೇ ಅನ್ನಲಿ. ಜನರೆದುರು ಅಂದ ಮ್ಯಾಲೆ ನನ್ನನ್ನ ಶೆಡ್ ಒಳಗೆ ಬಿಟ್ಕಂತಾರಾ? ಈ ಹರಿಹರದಾಗೆ ಇನ್ಯಾರು ಬೆಂಚು ಕೊಡ್ತಾರೆ ಹೇಳ್ರಿ."

"ಹಾಗಾದರೆ ಮಾನ?"

"ಮಾನ ನಂದಲ್ವಾ ಹೋಗಿದ್ದು? ನಾನು ಒಡೆದಿಲ್ಲ ಅಂತ ನಿಮಗೆ ಗೊತ್ತೈತೆ, ನನಗೆ ಗೊತ್ತೈತೆ. ಅವರಿಗೂ ಗೊತ್ತೈತೆ. ನಿಮಗೆ ಈ ಜಗಳ ಗೆಲ್ಲಬೇಕು ಅಪ್ಪಾಜಿ. ನನಗೆ ಬೆಂಚು ಬೇಕು."

ಅನ್ವರ್ ಸಾಬರು ಸಿಲಿಂಡರಿನ ಕೊಳವೆ ಸರಿಮಾಡುವ ನೆಪದಲ್ಲಿ ಆಚೆ ತಿರುಗಿದರು. ಶೈಲಾ ಪಂಚೆ ಬಿಚ್ಚಿದಳು. ಹತ್ತರಿಯನ್ನು ವೈಸಿನ ಇಕ್ಕುಳದಲ್ಲಿ ಬಿಗಿದು, ಮೂರುಮೂಲೆಯ ಅರ ತೆಗೆದುಕೊಂಡು, ನನ್ನ ಮುಖ ನೋಡದೆ ಬಿರುಕನ್ನು ತೋಡತೊಡಗಿದಳು. ಕೆಂಪು ಲಪ್ಪ ಚೂರುಚೂರಾಗಿ ಉದುರಿತು. ಅದರ ಹಿಂದೆ ತುಕ್ಕು, ತುಕ್ಕಿನ ಹಿಂದೆ ಬೂದು, ಕೊನೆಗೆ ಬೆಳ್ಳಗೆ ಹೊಳೆಯುವ ಲೋಹ. ಅರವನ್ನು ಅವಳು ಎಷ್ಟು ಹದವಾಗಿ ಓಡಿಸುತ್ತಿದ್ದಳೆಂದರೆ ಕೋಪದಲ್ಲಿದ್ದ ನನಗೂ ತಪ್ಪು ಹುಡುಕಲಾಗಲಿಲ್ಲ. ಅಂಗಡಿಯ ಗೂಡಿನಲ್ಲಿ ಅನ್ವರ್ ಸಾಬರ ಖಾಲಿ ನಶ್ಯದ ಡಬ್ಬಿಯೊಂದು ಬಿದ್ದಿತ್ತು. ನಾನು ಬಗ್ಗಿ ವೈಸಿನ ಅಡಿಯಲ್ಲಿ ಬಿದ್ದ ಕೆಂಪು ಚೂರುಗಳನ್ನು ಒಂದೊಂದಾಗಿ ಹೆಕ್ಕಿ ಅದರಲ್ಲಿ ಹಾಕಿಕೊಂಡೆ.

ಬಿರುಕಿನ ತುದಿಗೆ ತೂತು ಕೊರೆದದ್ದಾಯಿತು. ಅನ್ವರ್ ಸಾಬರು ಹತ್ತರಿಯ ಇಡೀ ಮೈಯನ್ನು ಮೆಲ್ಲಮೆಲ್ಲಗೆ ಕಾಯಿಸಿದರು. ಬೀಡನ್ನು ಒಂದೇ ಕಡೆ ಕಾಯಿಸಿದರೆ ಇನ್ನೊಂದು ಕಡೆ ಸೀಳುತ್ತದೆ. ಹಿತ್ತಾಳೆಯ ಸರಳಿನ ತುದಿಯನ್ನು ಬಿಳಿಗಾರಕ್ಕೆ ಅದ್ದಿ ಜ್ವಾಲೆಗೆ ಹಿಡಿದರು. ಹಿತ್ತಾಳೆ ಮೊದಲು ಮಣಿಯಂತೆ ದುಂಡಗಾಗಿ ನಿಂತಿತು, ಆಮೇಲೆ ಒಮ್ಮೆಲೇ ಹರಿದು ತೋಡಿನ ಉದ್ದಕ್ಕೂ ಕೂತಿತು. ಇನ್ನು ಉಳಿದದ್ದು ತಣಿಸುವುದು. ಗಾಳಿ ತಾಗಬಾರದು, ಹನಿ ಸೋಕಬಾರದು, ಅವಸರ ಆಗಬಾರದು. ಪಕ್ಕದ ಭಟ್ಟಿಯಲ್ಲಿ ಆಗತಾನೇ ಎಳೆದು ಹಾಕಿದ್ದ ಹೊಟ್ಟಿನ ಬಿಸಿ ಬೂದಿಯ ಗುಡ್ಡೆಯಲ್ಲಿ ಅದನ್ನು ಹೂತೆವು.

ಅಲ್ಲಿಯೂ ಒಂದು ಗಂಡಾಂತರವಿತ್ತು. ಬೂದಿ ಹಾರಿ ಕಿಡಿ ಸಿಡಿಯಬಾರದೆಂದು ಭಟ್ಟಿಯವರು ಕೆಲಸ ಮುಗಿಸುವಾಗ ಗುಡ್ಡೆಗೆ ಕೊಡ ನೀರು ಸುರಿದು ಹೋಗುವುದು ರೂಢಿ. ಭಟ್ಟಿಯ ಹೆಂಗಸು ಆಗಲೇ ಕೊಡ ಎತ್ತಿದ್ದಳು. ಶೈಲಾ ಓಡಿಹೋಗಿ ಅಡ್ಡ ನಿಂತಳು.

"ಅಕ್ಕಾ, ಇವತ್ತೊಂದಿನ ಈ ಗುಡ್ಡೆಗೆ ನೀರು ಬ್ಯಾಡ್ರಿ."

"ಯಾಕವ್ವ? ಬಂಗಾರ ಹೂತಿಟ್ಟೀಯೇನು?"

"ಬಂಗಾರ ಆಗಿದ್ರೆ ನಿಮಗೇ ಕೊಡ್ತಿದ್ದೆ. ಇದು ನನ್ನ ಕೆಲಸ."

ಹೆಂಗಸು ಕೊಡ ಇಳಿಸಿದಳು. ಭಟ್ಟಿ ಮುಚ್ಚುವವರೆಗೂ ಶೈಲಾ ಗುಡ್ಡೆಯ ಪಕ್ಕದಲ್ಲೇ ಮಂಡಕ್ಕಿ ಚೀಲದ ಮೇಲೆ ಕೂತಳು. ಮಳೆ ತಗಡಿನ ಮೇಲೆ ಸದ್ದು ಮಾಡಿದಾಗಲೆಲ್ಲ ಅವಳ ತಲೆ ಮೇಲಕ್ಕೆ ಏಳುತ್ತಿತ್ತು. ಹೊಟ್ಟಿನ ಹೊಗೆ ಅವಳ ಸೆರಗಿಗೆ ಎಷ್ಟು ಹತ್ತಿತ್ತೆಂದರೆ ಮನೆಯಲ್ಲಿ ಆ ವಾಸನೆ ಬಹಳ ದಿನ ಹೋಗಲಿಲ್ಲ.

ಮರುದಿನ ಬೂದಿಯಿಂದ ತೆಗೆದ ಹತ್ತರಿ ಹೊಸ ಕಡೆ ಎಲ್ಲೂ ಸೀಳಿರಲಿಲ್ಲ. ಬಿಸಿಗೆ ತಳ ಮಾತ್ರ ಸ್ವಲ್ಪ ಬಾಗಿತ್ತು. ಅದನ್ನು ಸಪಾಟು ಮಾಡಿದವಳು ಶೈಲಾ. ದಪ್ಪ ಗಾಜಿನ ಮೇಲೆ ಎಮೆರಿ ಕಾಗದ ಹಾಸಿ, ತಳದ ತುಂಬ ಪೆನ್ಸಿಲ್ ಗೆರೆ ಎಳೆದು, ಉಜ್ಜಿ, ಯಾವ ಗೆರೆ ಅಳಿಯಿತು ಯಾವುದು ಉಳಿಯಿತು ನೋಡಿ, ಮತ್ತೆ ಎಳೆದು, ಮತ್ತೆ ಉಜ್ಜಿದಳು. ಗೆರೆಗಳೆಲ್ಲ ಒಮ್ಮೆಗೇ ಅಳಿಯುವವರೆಗೆ ಬಿಡಲಿಲ್ಲ. ನಾನು ಕೈಹಾಕಲು ಹೋದರೆ "ನೀವು ಕೂಡ್ರಿ" ಎಂದಳು. ಹಿತ್ತಾಳೆಯ ಗೆರೆಯ ಮೇಲೆ ಕಪ್ಪು ಬಳಿಯಲೇ ಎಂದು ಕೇಳಿದಳು. ಬೇಡ, ತೇಪೆ ಕಾಣಬೇಕು, ನಮ್ಮ ನಿಯಮ ಅದು ಎಂದೆ. ಅವಳು ಸ್ವಲ್ಪ ಹೊತ್ತು ಆ ಹಳದಿ ಗೆರೆಯನ್ನು ನೋಡುತ್ತಿದ್ದು, ಬಣ್ಣದ ಡಬ್ಬವನ್ನು ಮುಚ್ಚಿಟ್ಟಳು.

ಶೆಡ್ಡಿಗೆ ಒಯ್ದಾಗ ಚಂದ್ರಪ್ಪ ಹತ್ತರಿಯನ್ನು ಎತ್ತಿ ತಳಕ್ಕೆ ಪಟ್ಟಿ ಹಿಡಿದು ಕಿಟಕಿಯ ಬೆಳಕಿಗೆ ನೋಡಿದ. ಬೆಳಕು ನುಸುಳಲಿಲ್ಲ. ಕೆನ್ನೆ ತಿರುಗಿಸಿದ. ಲಪ್ಪ ಇದ್ದ ಜಾಗದಲ್ಲಿ ಹಿತ್ತಾಳೆ ಇತ್ತು. ಅವನ ಹೆಬ್ಬೆರಳು ಅದರ ಮೇಲೆ ಒಮ್ಮೆ ಹೋಗಿ ನಿಂತಿತು. ಬಾಯಿ ತೆರೆಯುತ್ತಾನೆಂದು ಕಾದೆ.

"ಫೋರ್ಮನ್ರೇ, ಕೈ ಇನ್ನೂ ಹಂಗೇ ಐತ್ರಿ ನಿಮ್ದು" ಎಂದ.

"ತಳ ಉಜ್ಜಿದ್ದು ನನ್ನ ಮಗಳು. ಬಿರುಕು ತೋಡಿದ್ದೂ ಅವಳೇ. ತೋಡುವಾಗ ಅದರೊಳಗೆ..."

"ಅಪ್ಪಾಜಿ, ಬಸ್ಸಿಗೆ ಹೊತ್ತಾತು" ಎಂದಳು ಶೈಲಾ. ಆಮೇಲೆ ಅವನ ಕಡೆ ತಿರುಗಿ, "ಸಾರ್, ನನ್ನ ಬೆಂಚು ಯಾವುದು?" ಎಂದಳು.

ಮಾವ ಎನ್ನುವುದು ಅಂದಿಗೆ ನಿಂತಿತು. ಚಂದ್ರಪ್ಪ ಬಾಗಿಲ ಬಳಿಯ, ಮಳೆ ಇರಚಲು ಹೊಡೆಯುವ ಬೆಂಚನ್ನು ತೋರಿಸಿದ. ನಾನು ಚಹಾ ಕುಡಿಯದೆ ಹೊರಬಂದೆ. ಆ ಶೆಡ್ಡಿನ ಹೊಸ್ತಿಲು ಮತ್ತೆ ತುಳಿಯುವುದಿಲ್ಲವೆಂದು ನಿಶ್ಚಯಿಸಿದೆ.

ಕಳೆದ ಆಯುಧಪೂಜೆಗೆ ಶೈಲಾ ಬಿಡದೆ ಕರೆದಳು. ಹೋದೆ, ಆದರೆ ಎಲ್ಲರೆದುರು ತೆರೆದು ತೋರಿಸಲು ಸಿಕ್ಕೀತೆಂದು ಡಬ್ಬಿಯೊಂದಿಗೆ ಹೋದೆ. ಶೆಡ್ಡಿನಲ್ಲಿ ಸಾಮಾನುಗಳಿಗೆಲ್ಲ ವಿಭೂತಿ, ಕುಂಕುಮ ಹಚ್ಚಿ ಸಾಲಾಗಿ ಇಟ್ಟಿದ್ದರು. ಎರಕದ ಕಾರ್ಖಾನೆಯ ಸೂಪರ್‌ವೈಸರ್ ಒಬ್ಬ ಹತ್ತರಿಯನ್ನು ಬೆರಳಿನಿಂದ ತೋರಿಸಿ, "ಇದೇ ಅಲ್ರೀ ಚಂದ್ರಪ್ನೋರೆ, ಶೈಲಕ್ಕ ಒಡೆದ ಹತ್ತರಿ?" ಎಂದ. ನಗೆಯಾಡಿದನೇ ಹೊರತು ಚುಚ್ಚಿದ್ದಲ್ಲ. ಅಲ್ಲಿ ಅದರ ಹೆಸರೇ ಹಾಗೆ ನಿಂತುಬಿಟ್ಟಿತ್ತು. ಹಿತ್ತಾಳೆಯ ಗೆರೆ ಎಲ್ಲರ ಕಣ್ಣಿಗೂ ಹೊಳೆಯುತ್ತಿತ್ತು, ತೇಪೆ ಕಾಣಬೇಕೆಂದು ನಾನು ಹೇಳಿದ್ದಂತೆಯೇ. ಚಂದ್ರಪ್ಪನಿಗೆ ಮಾತು ಕೇಳಿಸಿತು. ಅವನು ಕುಂಬಳಕಾಯಿಗೆ ಕುಂಕುಮ ತುಂಬುತ್ತಿದ್ದವನು ತಲೆ ಎತ್ತಲಿಲ್ಲ.

ನಾನು ಎದ್ದೆ. ಕೈ ಜೇಬಿಗೆ ಹೋಯಿತು. ಅಷ್ಟರಲ್ಲಿ ಮಂಡಕ್ಕಿಯ ತಟ್ಟೆ ಹಿಡಿದು ಶೈಲಾ ಎದುರಿಗೆ ಬಂದಳು. ನನ್ನ ಜೇಬಿನ ಉಬ್ಬು ನೋಡಿದೊಡನೆ ಅವಳಿಗೆ ಅರ್ಥವಾಯಿತು.

"ಅದನ್ನ ಇನ್ನೂ ಇಟ್ಕಂಡೀರಾ?"

"ಅವರು ಏನೆಂದರು ಕೇಳಿದೆಯಾ?"

"ದಿನಾ ಕೇಳ್ತೀನಿ. ಕರೀಲಿ ಬಿಡ್ರಿ. ಆ ಹೆಸರಿಗೆ ಹೆದರಿ ಬ್ಯಾರೆ ಯಾರೂ ಅದನ್ನ ಮುಟ್ಟಲ್ಲ. ಶೆಡ್ಡಿನಾಗಿರೋ ಒಳ್ಳೇ ಹತ್ತರಿ ನನಗೊಬ್ಬಳಿಗೇ ಸಿಗ್ತೈತೆ." ಧ್ವನಿ ತಗ್ಗಿಸಿದಳು. "ಸಾರ್ ನನ್ನ ಮುಖ ನೋಡಿ ಮಾತಾ‌ಡಲ್ಲ ಅಪ್ಪಾಜಿ, ಇವತ್ತಿಗೂ. ಆದ್ರೆ ಕಷ್ಟದ ಡ್ರಾಯಿಂಗ್ ಬಂದ್ರೆ ಮೊದ್ಲು ತಂದಿಡಾದು ನನ್ನ ಬೆಂಚಿನ ಮ್ಯಾಲೇ. ಕೈ ಒಡ್ಡ್ರಿ."

ಪ್ರಸಾದಕ್ಕೆ ಎರಡೂ ಕೈ ಒಡ್ಡಬೇಕು. ಡಬ್ಬಿಯನ್ನು ಬಿಟ್ಟು ಕೈ ಹೊರತೆಗೆದೆ. ಅವಳು ಬೊಗಸೆ ತುಂಬುವಷ್ಟು ಮಂಡಕ್ಕಿ ಹಾಕಿ, ಮೇಲೆ ಬೆಲ್ಲದ ಚೂರು ಇಟ್ಟು, ಮುಂದಿನವರ ಕಡೆ ಹೋದಳು. ಅವಳ ಬೆಂಚು ಈಗಲೂ ಬಾಗಿಲ ಬಳಿಯದೇ. ಇರಚಲು ಹೊಡೆಯದಂತೆ ತಾನೇ ಒಂದು ಹಲಗೆ ಅಡ್ಡ ಕಟ್ಟಿಕೊಂಡಿದ್ದಾಳೆ.

ಮನೆಗೆ ಬಂದು ಡಬ್ಬಿಯನ್ನು ಮೊದಲಿದ್ದ ಜಾಗದಲ್ಲೇ ಇಟ್ಟೆ. ಅದನ್ನು ಎಸೆಯುವ ಮಾತಿಲ್ಲ. ಶೈಲಾಳಿಗೆ ಬೇಕಾದ್ದು ಅವಳಿಗೆ ಸಿಕ್ಕಿದೆ. ನನಗೆ ಬೇಕಾದ್ದು ಇನ್ನೂ ಸಿಕ್ಕಿಲ್ಲ.